ಮನೆಯೊಳಗಿನ ಮ್ಯಾಟಿನಿ

ಬೇಸಿಗೆ ಶುರುವಾಯಿತೆಂದರೆ ನಮ್ಮ ಮನೆಯ ಟೀವಿ ಮೇಜಿನ ಸುತ್ತ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆಯಲ್ಲ, ಗಾಬರಿಯಾಗಬೇಡಿ. ಬಿಸಿಯಾದ ಧೂಳಿನದು. ಕಲಬುರಗಿಯ ಧೂಳಿಗೆ ಕಿಟಕಿಯೂ ಬೇಡ, ಬಾಗಿಲೂ ಬೇಡ. ಅದು ಬಂದು ಕೂತ ಮೇಲೆ ನಮಗೆ ತಿಳಿಯುತ್ತದೆ, ಅಷ್ಟೇ. ಇವತ್ತು ಮುಂಜಾನೆ ಆ ವಾಸನೆ ಮೂಗಿಗೆ ಬಡಿಯಿತು. ಓದುವ ಕನ್ನಡಕ ಹಾಕಿಕೊಂಡು, ಸ್ಕ್ರೂಡ್ರೈವರ್ ಹಿಡಿದು, ಚಾಪೆ ಹಾಸಿ ನೆಲಕ್ಕೆ ಕೂತೆ. ಕೂತ ಮೇಲೆ ಏಳುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಆಮೇಲೆ ನೋಡಿಕೊಂಡರಾಯಿತು. ಟೀವಿಗೆ ಜೋಡಿಸಿದ ಕಂಪ್ಯೂಟರಿನ ಮಗ್ಗುಲ ತಗಡು ಬಿಚ್ಚಿ, ಬಣ್ಣದ ಬ್ರಷ್ಷಿನಿಂದ ಒಳಗಿನ ಫ್ಯಾನಿನ ಒಂದೊಂದೇ ರೆಕ್ಕೆ ಒರೆಸತೊಡಗಿದೆ.

ಇದನ್ನು ಕಟ್ಟಿದವಳು ನಾನೇ. ಹಾಗೆ ಹೇಳಿದಾಗ ಬಂದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಗನ ಮುಖ ನೋಡುತ್ತಾರೆ. ಮಗ ಹೌದೆಂದು ತಲೆಯಾಡಿಸಿದ ಮೇಲೆಯೇ ನಂಬುವುದು. ನಲವತ್ತು ವರ್ಷ ಮಕ್ಕಳ ಇಂಗ್ಲಿಷ್ ಗ್ರಾಮರ್ ತಿದ್ದಿದ ಕೈ ಮದರ್‌ಬೋರ್ಡ್ ಕೂರಿಸಿತು ಎಂದರೆ ನಂಬುವುದು ನನಗೂ ಕಷ್ಟವೇ.

ಇದನ್ನು ನಮ್ಮ ಯಜಮಾನರ ಸಂತೋಷಕ್ಕೆಂದು ಕಟ್ಟಿದೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನಿಮಗಾದರೂ ನಿಜ ಹೇಳುತ್ತೇನೆ: ಕಟ್ಟಿದ್ದು ನನ್ನ ನಿದ್ದೆಗೆ. ಇವರಿಗೆ ಮರೆವಿನ ಕಾಯಿಲೆ. ಮಗ ಸೊಸೆ ಜೊತೆಗೇ ಇದ್ದಾರೆ, ಒಳ್ಳೆಯವರು, ಆದರೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ಇವರು, ನಾನು. ಕಮಲಾಪುರದ ಕಾಳಿನ ಅಂಗಡಿ ಕೈಬಿಟ್ಟು ಕಲಬುರಗಿಗೆ ಬಂದು ಎಷ್ಟೋ ವರ್ಷವಾಗಿದೆ. ಇವರು ಮಾತ್ರ ಅಂಗಡಿಯ ಕೀಲಿ ಎಲ್ಲಿ ಎಂದು ಕೇಳುತ್ತಾರೆ. ಹೇಳಿದರೆ ಹ್ಞೂಂ ಅನ್ನುತ್ತಾರೆ. ನಾನು ಚಹಾಕ್ಕೆ ನೀರಿಡುವಷ್ಟರಲ್ಲಿ ಮತ್ತೆ ಕೀಲಿ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಪೇಷನ್ಸ್ ಎಂಬುದನ್ನು ಒಂದು ವರ್ಚ್ಯೂ, ಸದ್ಗುಣ, ಎಂದು ಕಲಿಸಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಅದು ಖಾಲಿಯಾಗುತ್ತದೆ, ಸಂಜೆಯತನಕ ತುಂಬುವುದಿಲ್ಲ ಎಂದು ಅವರಾದರೂ ಹೇಗೆ ಹೇಳಿಯಾರು, ಪಾಪ.

ಇವರನ್ನು ಒಂದು ಕಡೆ ಕೂರಿಸುತ್ತಿದ್ದದ್ದು ಹಳೆಯ ಪಿಕ್ಚರ್ ಒಂದೇ. ಟೀವಿಯಲ್ಲಿ ಹಾಕಿದರೆ ನಡುನಡುವೆ ಜಾಹೀರಾತು. ಸಾಬೂನಿನವಳು ಬಂದು ಹೋಗುವಷ್ಟರಲ್ಲಿ ಇವರಿಗೆ ಕಥೆಯೇ ಹಾರಿಹೋಗಿ, ನಾಯಕಿ ಯಾಕೆ ಅಳುತ್ತಿದ್ದಾಳೆಂದು ನನ್ನನ್ನು ಎಬ್ಬಿಸಿ ಕೇಳುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಹಚ್ಚಿಕೊಟ್ಟಾಗ, ಇನ್ನೂ ನೋಡುತ್ತಿದ್ದೀರಾ ಎಂದು ಪರದೆ ಕೇಳಿದರೆ ಕೈಮುಗಿದು "ನೋಡಲಕತ್ತೀನ್ರಿ" ಎನ್ನುತ್ತಿದ್ದರು. ಅದಕ್ಕೆ ಬೇಕಾದದ್ದು ಬಟನ್, ಇವರು ಕೊಡುತ್ತಿದ್ದದ್ದು ಮರ್ಯಾದೆ. ಪಿಕ್ಚರ್ ನಿಂತುಬಿಡುತ್ತಿತ್ತು. ಮನೆಯಲ್ಲಿ ಇವರೇ ಕೂಡಿಟ್ಟ ಸೀಡಿಗಳು ಒಂದು ಟ್ರಂಕಿನ ತುಂಬ ಇದ್ದವು. ಅವನ್ನು ಆಡಿಸುವ ಪ್ಲೇಯರ್ ಕೆಟ್ಟಿತ್ತು.

ಆಗ ನೆನಪಾದವಳು ನಸೀಮಾ, ನನ್ನ ಹಳೆಯ ಸ್ಟೂಡೆಂಟ್. ರೋಜಾ ಬಡಾವಣೆಯ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾಳೆ. ನನ್ನ ಕ್ಲಾಸಿನಲ್ಲಿ ಸ್ಪೆಲಿಂಗಿಗೆ ಅಂಜುತ್ತಿದ್ದವಳು ಈಗ ಗಿರಾಕಿಗಳನ್ನು ಅಂಜಿಸುತ್ತಾಳೆ. ಫೋನು ಮಾಡಿ ಕಷ್ಟ ಹೇಳಿದೆ. ಸೀಡಿ ಹಾಕುವ ಡ್ರೈವ್ ಇರಬೇಕು, ಎಲ್ಲ ಪಿಕ್ಚರ್ ಒಳಗೇ ತುಂಬಿಡುವಂತಿರಬೇಕು, ಸದ್ದು ಮಾಡಬಾರದು. ಅಂಥದ್ದು ರೆಡಿ ಸಿಗುವುದಿಲ್ಲ, ಬಿಡಿಭಾಗ ತಂದು ಅಸೆಂಬಲ್ ಮಾಡೋಣ ಎಂದಳು. ಅಂಗಡಿಯಲ್ಲೇ ಮಾಡಿ ಕಳಿಸಮ್ಮಾ ಎಂದರೆ ಒಪ್ಪಲಿಲ್ಲ.

"ನೀವಽ ಜೋಡಸ್ರಿ ಮಿಸ್. ನಾ ಬಾಜೂ ಕುಂದರ್ತೀನಿ. ನಾಳಿ ಧೂಳ ಹೊಕ್ಕು ಬಂದ್ ಬಿತ್ತಂದ್ರ ನನಗ ಫೋನ್ ಹಚ್ಚಿ ಅಳೋರ್ಯಾರು?"

ಹಾಗೆ ಒಂದು ರವಿವಾರ ಊಟದ ಟೇಬಲ್ಲು ವರ್ಕ್‌ಷಾಪ್ ಆಯಿತು. ಕೈ ಒರೆಸಿಕೊಂಡು, ಬಳೆ ಮೇಲಕ್ಕೆ ಸರಿಸಿ, ಮೊದಲು ಹಸಿರು ಬೋರ್ಡನ್ನು ಡಬ್ಬಿಯಲ್ಲಿ ಕೂರಿಸಿದೆ. ಪ್ರೊಸೆಸರ್ ಎಂಬುದು ಬಿಸ್ಕಿಟಿಗಿಂತ ಸಣ್ಣದು. ಮೂಲೆಯ ಗುರುತು ಹೊಂದಿಸಿ ಬಿಟ್ಟರೆ ತಾನೇ ಕೂರುತ್ತದೆ, ಒತ್ತುವ ಹಾಗಿಲ್ಲ. ಮೆಮೊರಿಯ ಪಟ್ಟಿಯನ್ನು ಮಾತ್ರ ಜೋರಾಗಿ ಒತ್ತಬೇಕು. ಯಾವುದಕ್ಕೆ ಒತ್ತಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದು ತಿಳಿಯದೆ ಸಂಸಾರ ಮಾಡಿದವಳು ನಾನು, ಇಲ್ಲಿ ಅದು ಬೇಗ ತಿಳಿಯಿತು. ಪ್ರೊಸೆಸರಿನ ತಲೆಗೆ ಹಚ್ಚುವ ಬೂದು ಬಣ್ಣದ ಪೇಸ್ಟನ್ನು ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದಂತೆ ಸವರಿದೆ. ನಸೀಮಾ ತಲೆ ಚಚ್ಚಿಕೊಂಡಳು. "ಎಲಿಗೆ ಸುಣ್ಣ ಹಚ್ಚಿದಷ್ಟು ಸಾಕ್ರಿ ಮಿಸ್. ಇದೇನ್ ಗೋಡಿಗೆ ಸುಣ್ಣ ಹೊಡದಂಗ ಮಾಡೀರಿ." ಒರೆಸಿ ಮತ್ತೆ ಹಚ್ಚಿದೆ. ಇವರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರು. ರೇಡಿಯೋ ರಿಪೇರಿಗೆ ಬಂದವರು ನಾವೆಂದು ತಿಳಿದು, ಈ ಅಕ್ಕಾರಿಗೆ ಚಹಾ ಕೊಡಿರೆಂದು ಒಳಗೆ ಕೂಗಿ ಹೇಳಿದರು. ಚಹಾ ಮಾಡುವವಳೂ ನಾನೇ. ಎದ್ದು ಹೋಗಿ ಮಾಡಿಕೊಂಡು ಬಂದು ಕುಡಿದೆ.

ಸ್ವಿಚ್ ಒತ್ತಿದರೆ ಏನೂ ಆಗಲಿಲ್ಲ. ಡಬ್ಬಿಯ ಮುಂಭಾಗದ ಬಟನ್ನಿನ ತಂತಿಯನ್ನು ಬೇರೆ ಪಿನ್ನಿಗೆ ಸಿಕ್ಕಿಸಿದ್ದೆ. ಸರಿಮಾಡಿದ ಮೇಲೆ ಚಿತ್ರ ಬಂತು, ದನಿ ಬರಲಿಲ್ಲ. ದನಿ ಎಲ್ಲಿಂದ ಹೊರಡಬೇಕೆಂದು ಕಂಪ್ಯೂಟರಿಗೆ ನಾವು ಹೇಳಿರಲಿಲ್ಲ. ಅದನ್ನೂ ಹೇಳಿದೆವು. ಮುಂದಿನ ವಾರವೆಲ್ಲ ಸೀಡಿಗಳನ್ನು ಒಂದೊಂದಾಗಿ ಹಾಕಿ ಒಳಗೆ ತುಂಬಿದೆ. ಒಂದು ಪಿಕ್ಚರಿಗೆ ಎರಡು ಸೀಡಿ, ಮೊದಲರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಪರದೆಯ ಮೇಲೆ ಪೋಸ್ಟರುಗಳು ಸಾಲಾಗಿ ಬಂದು ನಿಂತಾಗ, ಸೊಸೆ ಶೈಲಾ ದೃಷ್ಟಿ ತೆಗೆಯಬೇಕು ಅತ್ತೀ ಎಂದು ನಕ್ಕಳು.

ದೃಷ್ಟಿ ತೆಗೆಯುವ ಬದಲು ನಾನು ಕಂಪ್ಯೂಟರಿಗೆ ಕೈಯಲ್ಲಿ ಹೆಣೆದ ಕ್ರೋಶಾ ಮುಸುಕು ಹಾಕಿದೆ. ಸಿಸ್ಟರ್‌ಗಳು ಕಲಿಸಿದ ವಿದ್ಯೆ. ನಮ್ಮ ಮನೆಯಲ್ಲಿ ರೇಡಿಯೋ, ಮಿಕ್ಸರ್, ಫೋನು, ಯಾವುದೂ ಬರಿಮೈಯಲ್ಲಿ ಇರಲಿಲ್ಲ. ಬಿಳಿ ದಾರದ್ದು, ಅಂಚಿಗೆ ಹೂವು. ಅದೇ ಮಧ್ಯಾಹ್ನ ಪಿಕ್ಚರ್ ನಡೆಯುತ್ತಿದ್ದಾಗ ಮುಸುಕಿನೊಳಗೆ ಉಸಿರು ಕಟ್ಟಿ ಕಂಪ್ಯೂಟರ್ ತಾನೇ ಬಂದ್ ಆಯಿತು. ಬಿಸಿಲಿಗೆಂದು ಕಿಟಕಿ ಮುಚ್ಚಿದ್ದ ಕೋಣೆ ಕತ್ತಲಾಯಿತು. ಆ ಕತ್ತಲೆಯಲ್ಲಿ ಇವರು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು.

ನಾನು ಬಾಗಿಲಲ್ಲೇ ನಿಂತೆ. ಮದುವೆಯಾಗಿ ಐವತ್ತು ವರ್ಷಕ್ಕೆ ಹತ್ತಿರ. ಇವರಿಗೆ ಸಿಳ್ಳೆ ಹೊಡೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಾವು ಒಟ್ಟಿಗೆ ಕೂತು ಪಿಕ್ಚರ್ ನೋಡಿದವರೇ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಆಗ ಗುಲಬರ್ಗಾ ಎನ್ನುತ್ತಿದ್ದ ಇದೇ ಊರಿನ ಕಾನ್ವೆಂಟಿನಲ್ಲಿ ಓದಿ, ಕಮಲಾಪುರದ ತುಂಬಿದ ಮನೆಗೆ ಸೊಸೆಯಾಗಿ ಹೋದವಳು. ಅಲ್ಲಿ ಗಂಡ ಹೆಂಡತಿ ಹಗಲಿನಲ್ಲಿ ನಿಂತು ಮಾತಾಡುವ ರೂಢಿ ಇರಲಿಲ್ಲ. ಇವರಿಗೆ ನನ್ನಿಂದ ಏನಾದರೂ ಬೇಕಾದರೆ ತಮ್ಮ ಅವ್ವನಿಗೆ ಹೇಳುತ್ತಿದ್ದರು, ಅತ್ತೆ ನನಗೆ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಅತ್ತೆಗೆ ಪಿಕ್ಚರಿನ ಆಸೆ. ಆಗ ಹುಮನಾಬಾದಿನಿಂದ ಬರುವ ಬಸ್ಸು ಹತ್ತಿ ಮೂವರೂ ಗುಲಬರ್ಗಾಕ್ಕೆ ಬಂದು ಮ್ಯಾಟಿನಿಗೆ ಹೋಗುತ್ತಿದ್ದೆವು. ಟಾಕೀಸಿನಲ್ಲಿ ಹೆಂಗಸರ ಕಡೆ ಬೇರೆ, ಗಂಡಸರ ಕಡೆ ಬೇರೆ, ನಡುವೆ ಗೋಡೆಯಂಥ ಒಂದು ಅಡ್ಡ. ನಾನು ಅತ್ತೆ ಈ ಕಡೆ, ಇವರು ಆ ಕಡೆ. ಸಿಳ್ಳೆಗಳೆಲ್ಲ ಆ ಕಡೆಯವು. ಎಂಥ ಡಿಸಿಪ್ಲಿನ್ ಇಲ್ಲದ ಜನ ಎಂದು ನಾನು ಮೂಗು ಮುರಿಯುತ್ತಿದ್ದೆ.

ಇಂಟರ್ವಲ್ಲಿಗೆ ಮಾತ್ರ ಇವರು ಹೆಂಗಸರ ಬಾಗಿಲ ತನಕ ಬಂದು ಕೆಮ್ಮುತ್ತಿದ್ದರು. ಅತ್ತೆಗೆ ಮೊಣಕಾಲು ನೋವು, ಏಳುತ್ತಿರಲಿಲ್ಲ; ಹೋಗು, ಏನು ಅಂತ ಕೇಳು ಎನ್ನುತ್ತಿದ್ದರು. ಹೋದರೆ ಕಾಗದದ ಪೊಟ್ಟಣದಲ್ಲಿ ಬಿಸಿ ಭಜಿ ಕೊಟ್ಟು, ಪಿಕ್ಚರ್ ಬಿಟ್ಟ ಮೇಲೆ ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ಹೇಳದಿದ್ದರೆ ಸಿಗುತ್ತಿರಲಿಲ್ಲ. ಹಗಲು ಬೆಳಕಿನಲ್ಲಿ, ನಡುವೆ ಯಾರೂ ಇಲ್ಲದೆ, ನಾವು ಆಡಿಕೊಳ್ಳುತ್ತಿದ್ದ ಮಾತು ಅದೊಂದೇ. ಅದಕ್ಕೆ ರೊಮ್ಯಾನ್ಸ್ ಎಂಬ ಹೆಸರು ಇಡುವುದು ನನಗೆ ಆಗ ತೋಚಿರಲಿಲ್ಲ. ಭಜಿ ಆರುತ್ತದೆಂಬ ಅವಸರವೇ ಹೆಚ್ಚು.

ಮುಸುಕು ತೆಗೆದೆ, ಕಂಪ್ಯೂಟರ್ ಸರಿಯಾಗಿ ನಡೆಯಿತು. ಆದರೆ ನನ್ನ ನಿದ್ದೆಗೆ ಬೇರೆ ಕಂಟಕ ಬಂತು. ಮೊದಲರ್ಧದ ಫೈಲು ಮುಗಿದು ಪೋಸ್ಟರುಗಳು ಬಂದವೋ ಇಲ್ಲವೋ, ಇವರು ಎದ್ದು ನನ್ನ ಕೋಣೆಯ ಬಾಗಿಲಿಗೆ ಬಂದು ಕೆಮ್ಮುವರು. ಎದ್ದು ಹೋದರೆ ಏನೋ ಹೇಳುವರು, ನಾನು ಅರೆನಿದ್ದೆಯಲ್ಲಿ ಹ್ಞೂಂ ಎಂದು, ಉಳಿದರ್ಧ ಹಚ್ಚಿ ಬಂದು ಮಲಗುವೆನು. ಒಮ್ಮೆ ಒಡೆದ ನಿದ್ದೆ ನನ್ನ ವಯಸ್ಸಿನಲ್ಲಿ ಮತ್ತೆ ಕೂಡುವುದಿಲ್ಲ. ಒಂದು ದಿನ ಮಲಗದೆ ಇವರ ಪಕ್ಕದಲ್ಲೇ ಕೂತು ನೋಡಿದೆ. ಇವರು ಮುದುಡಿ ಕೂತರು, ಹೆಂಗಸರ ಕಡೆ ಆಚೆ ಅದ ಎಂದು ಮೆಲ್ಲಗೆ ಸೂಚಿಸಿದರು.

ಶೈಲಾ ಉಪಾಯ ಹೇಳಿದಳು: ಎರಡೂ ಅರ್ಧ ಕೂಡಿಸಿಬಿಡಿ, ಇಂಟರ್ವಲ್ಲೇ ಇಲ್ಲದಿದ್ದರೆ ಮಾವ ಯಾಕೆ ಎದ್ದಾರು. ನಸೀಮಾ ಫೋನಿನಲ್ಲೇ ಹೇಳಿಕೊಟ್ಟಳು. ಫೈಲುಗಳನ್ನು ಹೊಲಿದು ಒಂದು ಮಾಡಿ, ನಡುವೆ ಬರುವ ವಿಶ್ರಾಂತಿ ಎಂಬ ಅಕ್ಷರಗಳನ್ನೂ ಕತ್ತರಿಸಿ ತೆಗೆದೆ. ಕೈಕೆಲಸ ನೀಟಾಗಿತ್ತು, ಹೊಲಿಗೆ ಕಾಣುತ್ತಿರಲಿಲ್ಲ. ಆ ಮಧ್ಯಾಹ್ನ ನಾನು ಮಾಡಿದ ನಿದ್ದೆಯನ್ನು ಈಗಲೂ ಮೈ ನೆನೆಯುತ್ತದೆ. ಯಾರೂ ಕೆಮ್ಮಲಿಲ್ಲ, ಕೀಲಿ ಕೇಳಲಿಲ್ಲ.

ಎಚ್ಚರವಾದಾಗ ಮನೆ ಸುಮ್ಮನಿತ್ತು. ಪರದೆಯ ಮೇಲೆ ಪೋಸ್ಟರುಗಳ ಸಾಲು, ಕುರ್ಚಿ ಖಾಲಿ, ಅಂಗಳದ ಗೇಟು ತೆರೆದಿತ್ತು.

ಚಪ್ಪಲಿ ಹಾಕಿದೆನೋ ಇಲ್ಲವೋ ನೆನಪಿಲ್ಲ. ನಮ್ಮ ಓಣಿ ಹೋಗಿ ಸೇರುವುದು ಹುಮನಾಬಾದ್ ರಸ್ತೆಗೆ. ಅಲ್ಲಿ ಬಸ್ಸು ನಿಲ್ಲುವ ಕಡೆ, ಉರಿಬಿಸಿಲಿನಲ್ಲಿ, ಇವರು ನಿಂತಿದ್ದರು. ಒಂದು ಬಸ್ಸು ಬಂತು. ಹತ್ತಲಿಲ್ಲ, ಇಳಿದವರ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ಹತ್ತಿರ ಹೋದೆ. ನನ್ನ ಮುಖವನ್ನೂ ಹಾಗೆಯೇ ನೋಡಿದರು.

"ಅಕ್ಕಾರ, ಹೆಂಗಸರ ಕಡಿಂದ ಬಂದ್ರೇನು? ನಮ್ಮ ಮನಿಯಾಕಿ ಒಳಗ ಉಳದಾಳ. ಇವತ್ತ ಇಂಟರ್ವಲ್ಲೇ ಬಿಡ್ಲಿಲ್ಲ ಅವರು. ಎಲ್ಲಿ ನಿಂದರಬೇಕಂತ ಆಕಿಗಿ ನಾ ಹೇಳೇ ಇಲ್ಲ."

ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನಾನೇ ರೀ ಎನ್ನಬಹುದಿತ್ತು. ಎಷ್ಟೋ ಸಲ ಅಂದು ನೋಡಿದ್ದೇನೆ. ಇವರು ಅಂಜುತ್ತಾರೆ, ಇನ್ನಷ್ಟು ದೂರ ಸರಿಯುತ್ತಾರೆ. ಬಿಸಿಲಿನಲ್ಲಿ ಓಡಿಬಂದ ದಣಿವಿನಲ್ಲಿ ವಾದ ಮಾಡುವ ಶಕ್ತಿಯೂ ನನಗಿರಲಿಲ್ಲ.

"ನಾ ಒಳಗ ಹೋಗಿ ಹೇಳ್ತೀನ್ರಿ ಆಕಿಗಿ," ಎಂದೆ. "ಎಲ್ಲಿ ನಿಂದರಬೇಕಂತ?"

"ಪಾನಿನ ಅಂಗಡಿ ಬಾಜೂಕ. ಅಲ್ಲಿ ನೆರಳ ಅದ. ನಾ ಬರೂತನಕಾ ಬಸ್ ಹತ್ತಬ್ಯಾಡ ಅನ್ರಿ. ಹೋದ್ರ ಹೋಗ್ಲಿ ಬಸ್ಸು, ನಾ ಬಂದೇ ಬರ್ತೀನಿ ಅಂತ ಹೇಳ್ರಿ."

ಇವರು ಇಷ್ಟು ಉದ್ದ ಮಾತಾಡಿ ತಿಂಗಳುಗಳಾಗಿದ್ದವು. ಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ. ಓಣಿಯ ಮೂಲೆಯ ಪಾನಿನ ಅಂಗಡಿಯ ನೆರಳಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಇವರು, ತಾವು ಆಗಷ್ಟೇ ಬಂದವರಂತೆ, ನನ್ನ ಕಡೆ ತಿರುಗಿ, ಎಷ್ಟೊತ್ತಾತು ನಿಂತು, ಕಾಲು ನೋಯಲಿಲ್ಲೇನು ಎಂದು ಕೇಳಿದರು. ಬಂದು ಬಹಳ ಹೊತ್ತಾಗಿಲ್ಲ ಎಂದೆ. ಇಬ್ಬರೂ ಮನೆಗೆ ನಡೆದೆವು.

ಅದೇ ಸಂಜೆ ನನ್ನ ನೀಟಾದ ಹೊಲಿಗೆಗಳನ್ನೆಲ್ಲ ಬಿಚ್ಚಿದೆ. ಪಿಕ್ಚರುಗಳು ಮತ್ತೆ ಎರಡೆರಡು ತುಂಡಾದವು, ಗೇಟಿಗೆ ಮಗ ಬೀಗ ಹಾಕಿಸಿದ. ಶೈಲಾ ಮಾತ್ರ, ನಿಮ್ಮ ರೆಸ್ಟ್ ಹೋಯಿತಲ್ಲ ಅತ್ತೀ ಎಂದು ಬೇಸರಪಟ್ಟಳು.

ಈಗ ಫ್ಯಾನ್ ಒರೆಸಿ, ತಗಡು ಮುಚ್ಚಿ, ಕುರ್ಚಿಯ ಕಾಲು ಹಿಡಿದು ಹೇಗೋ ಎದ್ದಿದ್ದೇನೆ. ಊಟವಾಯಿತು. ಆಚೆ ಟೀವಿಯಲ್ಲಿ ಮೊದಲರ್ಧ ನಡೆಯುತ್ತಿದೆ. ನಾನು ಹಾಸಿಗೆಯಲ್ಲಿದ್ದೇನೆ, ಆದರೆ ಮಲಗಿಲ್ಲ. ಮೊದಲರ್ಧದಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಇನ್ನೇನು ಹಾಡು ಮುಗಿಯುತ್ತದೆ, ಬಾಗಿಲಲ್ಲಿ ಕೆಮ್ಮು ಕೇಳುತ್ತದೆ. ಮೊದಲಿನ ಹಾಗೆ ಅರೆಗಣ್ಣಿನಲ್ಲಿ ಹ್ಞೂಂ ಅನ್ನುವುದಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ಹೋಗಿ, ಎಲ್ಲಿ ನಿಂದರಬೇಕ್ರಿ ಎಂದು ಕೇಳುತ್ತೇನೆ. ಇವರು ಹೇಳುತ್ತಾರೆ. ನಾನು ಇನ್ನೊಮ್ಮೆ ಕೇಳುತ್ತೇನೆ, ಇನ್ನೊಮ್ಮೆ ಹೇಳುತ್ತಾರೆ. ಆಮೇಲೆ ಉಳಿದರ್ಧ ಹಚ್ಚಿಕೊಟ್ಟು ಬಂದು ಮಲಗಿದರೆ, ಸೊಸೆ ಬಂದು ದೀಪ ಹಚ್ಚುವವರೆಗೂ ನನಗೆ ಎಚ್ಚರವಿರುವುದಿಲ್ಲ.