ಮಗಳ ತಲೆಯ ಹಳದಿ ಮಚ್ಚೆ

ಮಗಳ ಜಾವಳ ತೆಗೆಸಿದ ದಿನ ತೆಲುಗು ನಾಡಿನ ಕುಷಾಯಿಗೂಡದ ನಮ್ಮ ಮನೆಯಲ್ಲಿ ಹೋಳಿಗೆ ಊಟ ಯಾರಿಗೂ ರುಚಿಸಲಿಲ್ಲ. ಹನ್ನೊಂದು ತಿಂಗಳ ಕೂಸಿನ ಬೋಳು ತಲೆಯಲ್ಲಿ, ಬಲಗಿವಿಯ ಮೇಲ್ಗಡೆ, ಬಾದಾಮಿಯಷ್ಟು ಅಗಲದ ಹಳದಿ ಮಚ್ಚೆ ಕಂಡಿತ್ತು. ಮೇಣ ಸವರಿದಂತೆ ನುಣುಪು. ಅಲ್ಲಿ ಕೂದಲಿಲ್ಲವೆಂದು ನನಗೆ ಗೊತ್ತಿತ್ತು. ಮಲಗಿ ಮಲಗಿ ಉದುರಿರಬೇಕು ಎಂದುಕೊಂಡಿದ್ದೆ.

ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರೂ ಹೋದ ಮೇಲೆ ಅತ್ತೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದರು.

"ತಪ್ಪ ನಂದ ಐತಿ ಯವ್ವಾ. ದಿನಾ ಎಣ್ಣಿ ಕಾಸಿ ಹಚ್ಚಾಕಿ ನಾನ. ಯಾವತ್ತೋ ಸುಟ್ಟಿರಬೇಕು."

ಅಂದಿನಿಂದ ಕೂಸಿಗೆ ಎರೆಯುವುದನ್ನೇ ಬಿಟ್ಟರು. ನಾನು ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನ ಮೂಲೆಯಲ್ಲೂ ಆ ಅನುಮಾನ ಸುಳಿದಿತ್ತು.

ಮರುವಾರ ನಾನು, ಅತ್ತೆ, ಕೂಸು ಮೂವರೂ ಚರ್ಮದ ಡಾಕ್ಟರ ಬಳಿ ಹೋದೆವು. ಆಕೆ ಲೆನ್ಸ್ ಇದ್ದ ಪುಟ್ಟ ದೀಪ ಹಿಡಿದು ನೋಡಿದರು, ಬೆರಳಿನಿಂದ ಒತ್ತಿದರು. ಕೂಸು ನಕ್ಕಿತು. "ಹುಟ್ಟಿದಾಗಿನಿಂದ ಇತ್ತೇ?" ಎಂದು ತೆಲುಗಿನಲ್ಲಿ ಕೇಳಿದರು. ಯಾವಾಗಿನಿಂದ ಎಂದು ಗಮನಿಸಿಲ್ಲ ಎಂದೆ.

"ಹುಟ್ಟಿದ ದಿನದ ಫೋಟೋ ಇಲ್ಲವೇ?"

ಫೋನಿನಲ್ಲಿ ಹುಡುಕಿದೆ. ಹೆರಿಗೆಯಾದ ಸ್ವಲ್ಪ ಹೊತ್ತಿಗೆ ನನ್ನ ಗಂಡ ತೆಗೆದ ಫೋಟೋದಲ್ಲಿ ಮಗು ಎಡಕ್ಕೆ ಮುಖ ಮಾಡಿ ಮಲಗಿತ್ತು. ಡಾಕ್ಟರ್ ಅದನ್ನು ಹಿಗ್ಗಿಸಿದರು. ಕಿವಿಯ ಮೇಲೆ, ಒದ್ದೆ ಕೂದಲ ನಡುವೆ, ಅದೇ ಆಕಾರದ ಬೋಳು ಜಾಗ.

"ಇದೊಂದು ಹುಟ್ಟುಮಚ್ಚೆ. ಚರ್ಮದ ಎಣ್ಣೆಗ್ರಂಥಿಗಳು ಹೊಟ್ಟೆಯಲ್ಲಿರುವಾಗಲೇ ಅಲ್ಲಿ ಜಾಸ್ತಿ ಬೆಳೆದಿವೆ," ಎಂದರು. "ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಅಲ್ಲಿ ಕೂದಲು ಬರುವುದಿಲ್ಲ, ಅಷ್ಟೇ. ಮೈನೆರೆಯುವ ವಯಸ್ಸಿನಲ್ಲಿ ದಪ್ಪವಾಗಬಹುದು. ವರ್ಷಕ್ಕೊಮ್ಮೆ ತೋರಿಸಿ. ನಡುವೆ ಗಂಟು, ಹುಣ್ಣು ಕಂಡರೆ ಕೂಡಲೇ ಬನ್ನಿ. ತೆಗೆಸಬೇಕೆನಿಸಿದರೆ ಮುಂದೆ ನೋಡೋಣ."

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಫೋನ್ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಅವತ್ತ ನಾ ಇನ್ನೂ ಕಲಬುರ್ಗಿ ಬಸ್ಸಿನ್ಯಾಗ ಇದ್ದೆ," ಎಂದರು. "ಕೂಸಿನ್ನ ಮುಟ್ಟೇ ಇರಲಿಲ್ಲ."

"ಹೌದ್ರೀ ಅತ್ತಿ."

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಮುಖ ತಿರುಗಿಸಿಕೊಂಡೆ. ಆ ಭಾನುವಾರ ಬಚ್ಚಲಿನಿಂದ ಅಜ್ಜಿ ಮೊಮ್ಮಗಳ ಗದ್ದಲ ಮತ್ತೆ ಕೇಳಿಸಿತು.

ಮಗಳಿಗೀಗ ಏಳು ವರ್ಷ. ಮಚ್ಚೆ ಹಾಗೇ ಇದೆ. ಮೊನ್ನೆ ಶಾಲೆಯ ಗೇಟಿನ ಬಳಿ ಗೆಳತಿಯೊಬ್ಬಳು ಅದನ್ನು ಗಾಯದ ಕಲೆಯೆಂದುಕೊಂಡು, "ಯಾರು ಹೊಡೆದರು?" ಎಂದು ಕೇಳಿದಳು.

"ಯಾರೂ ಇಲ್ಲ. ನನ್ನ ಜೊತೆಗೇ ಹುಟ್ಟಿದ್ದು," ಎಂದು ಇವಳು ಹಿಂದಿಯಲ್ಲಿ ಹೇಳಿ, ಅವಳ ಕೈ ಹಿಡಿದುಕೊಂಡು ಒಳಗೆ ಓಡಿದಳು.