ಐಸ್ ಫ್ಯಾಕ್ಟರಿಯ ವಿಲ್ಲಿ ಕೊಟ್ಟ ಎರಡು ಹೇಳಿಕೆ

ಜೆಪ್ಪುವಿನ ವಿಲ್ಲಿ ಡಿಸೋಜ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ಯಂತ್ರ ನೋಡಿಕೊಂಡವನು. ಹೊಸಬರಿಗೆ ಅವನು ಮೊದಲು ಹೇಳಿಕೊಡುತ್ತಿದ್ದದ್ದು ಇಷ್ಟು: ಫ್ಯಾರನ್‌ಹೀಟ್ ಲೆಕ್ಕದ ಮೂವತ್ತೆರಡು ಡಿಗ್ರಿಗೆ ಇಳಿದ ಕೂಡಲೇ ನೀರು ಐಸ್ ಆಗುವುದಿಲ್ಲ, ಆಗಲು ಶುರುವಾಗುತ್ತದೆ ಅಷ್ಟೆ. ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಉಪ್ಪುನೀರಿನ ತೊಟ್ಟಿಗೆ ಇಳಿಬಿಟ್ಟು, ಅಮೋನಿಯಾ ಹರಿಯುವ ಪೈಪುಗಳಿಂದ ಆ ಉಪ್ಪುನೀರನ್ನು ಹದಿನೈದು ಡಿಗ್ರಿಗೆ ತಣಿಸಬೇಕು. ಆಮೇಲೂ ಒಂದು ಗಡ್ಡೆ ನಡುವಿನವರೆಗೆ ಗಟ್ಟಿಯಾಗಲು ಎರಡು ದಿನ ಬೇಕು.

೧೯೫೮ರ ನವೆಂಬರಿನಲ್ಲಿ ಬಂಗುಡೆ ರಾಶಿ ರಾಶಿಯಾಗಿ ಬಂತು. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಮೀನು ಕೊಳೆಯತೊಡಗಿತ್ತು. ಫ್ಯಾಕ್ಟರಿಯ ಧಣಿಗಳಿಗೆ ಒಂದೇ ದಿನದಲ್ಲಿ ಐಸ್ ಬೇಕಾಯಿತು.

"ನೀರು ನಮ್ಮ ಮಾತು ಕೇಳುವುದಿಲ್ಲ ಧಣೀ," ಎಂದ ವಿಲ್ಲಿ. "ಯಂತ್ರಕ್ಕೆ ಜೋರು ಕೊಟ್ಟರೆ ಆ ಮೂಲೆಯ ಪೈಪ್ ತಡೆಯಲಿಕ್ಕಿಲ್ಲ. ತುಕ್ಕು ಹಿಡಿದು ತೆಳ್ಳಗಾಗಿ ಉಂಟು."

"ಸೀಸನ್ ಮುಗಿಯಲಿ, ಬದಲಿಸುವ. ಈಗ ಓಡಿಸು."

ವಿಲ್ಲಿ ಓಡಿಸಿದ.

ಮೂರನೆಯ ದಿನ ಮಧ್ಯಾಹ್ನ ಪೈಪ್ ಒಡೆಯಿತು. ಕಣ್ಣು, ಗಂಟಲು ಸುಡುವ ಬಿಳಿ ಹೊಗೆ ಎದ್ದಿತು. ಬಾಗಿಲ ಬಳಿಯಲ್ಲಿದ್ದ ವಿಲ್ಲಿ ಹೊರಗೆ ಓಡಿದ. ಅಂಗಳದಲ್ಲಿ ನಾಲ್ಕು ಸಲ ಉಸಿರೆಳೆದುಕೊಂಡ ಮೇಲೆಯೇ, ಡಬ್ಬ ಎತ್ತುವ ಉಸ್ಮಾನ್ ಒಳಗಿದ್ದಾನೆಂಬುದು ಅವನಿಗೆ ಹೊಳೆದದ್ದು. ಒದ್ದೆ ಗೋಣಿಯನ್ನು ಮುಖಕ್ಕೆ ಸುತ್ತಿ ತೆವಳಿಕೊಂಡು ಹೋದ. ವಾಲ್ವ್ ಮುಚ್ಚಿ, ಉಸ್ಮಾನನನ್ನು ಕಾಲು ಹಿಡಿದು ಎಳೆದು ತಂದ. ಎಂಟು ವರ್ಷ ಜೊತೆಗೆ ದುಡಿದವನ ಎದೆ ಆಡುತ್ತಿರಲಿಲ್ಲ.

ಮರುದಿನ ಧಣಿಗಳು ವಿಲ್ಲಿಯ ಮನೆಗೇ ಬಂದರು. ಅವನ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಉಸ್ಮಾನ್ ಯಾರಿಗೂ ಹೇಳದೆ ವಾಲ್ವ್ ತಿರುಗಿಸಿದ್ದರಿಂದ ಪೈಪ್ ಒಡೆಯಿತೆಂದು ತನಿಖೆಯ ಅಧಿಕಾರಿಗೆ ಬರೆದ ಹೇಳಿಕೆಯನ್ನು ಅವರೇ ಓದಿ ಹೇಳಿದರು.

"ಸತ್ತವನಿಗೆ ಇನ್ನು ಎಂತ ನಷ್ಟ ಮಾರಾಯ? ಫ್ಯಾಕ್ಟರಿ ಮುಚ್ಚಿದರೆ ನಲವತ್ತು ಮನೆಯ ಒಲೆ ಉರಿಯುವುದಿಲ್ಲ."

ಅವರು ಬೆರಳು ಹಿಡಿದು ತೋರಿಸಿದ ಜಾಗದಲ್ಲಿ ವಿಲ್ಲಿ ಸಹಿ ಹಾಕಿದ. ಹೆಂಡತಿ ಲಿಲ್ಲಿ ಗೋಡೆಗೊರಗಿ ನೋಡುತ್ತಿದ್ದಳು.

ತಿಂಗಳಾದ ಮೇಲೆ ಉಸ್ಮಾನನ ಹೆಂಡತಿ ಐಸಮ್ಮ ಬಂದು ಮೆಟ್ಟಿಲ ಕೆಳಗೆ ನಿಂತಳು.

"ನಮ್ಮವರು ಕೇಳದೆ ಒಂದು ಬೀಡಿ ಸಹ ತೆಗೆದವರಲ್ಲ ಪೊರ್ಬುಗಳೇ. ವಾಲ್ವ್ ತಿರುಗಿಸಿದ್ದನ್ನು ನೀವು ಕಂಡದ್ದು ಹೌದಾ?"

"ಇಲ್ಲ," ಎಂದ ವಿಲ್ಲಿ. "ಅವನು ಮುಟ್ಟಲೇ ಇಲ್ಲ. ಪೈಪ್ ಹಾಳಾದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಓಡಿಸಿದ್ದು."

ಐಸಮ್ಮ ತಲೆಯ ಬಟ್ಟೆ ಎಳೆದುಕೊಂಡು ಹೋಗಿಬಿಟ್ಟಳು.

ಆ ಸೋಮವಾರ ವಿಲ್ಲಿ ಅದೇ ತನಿಖೆಯ ಅಧಿಕಾರಿಯ ಮುಂದೆ ಎರಡನೆಯ ಹೇಳಿಕೆ ಕೊಟ್ಟ. "ಆಗ ಹೇಳಿದ್ದು ಸುಳ್ಳಾದರೆ ಈಗ ಹೇಳುವುದನ್ನು ಹೇಗೆ ನಂಬುವುದು?" ಎನ್ನುತ್ತಲೇ ಅವರು ಬರೆದುಕೊಂಡರು. ಅದರಿಂದ ಧಣಿಗಳಿಗೆ ಏನೂ ಆಗಲಿಲ್ಲ. ವಿಲ್ಲಿಯ ಕೆಲಸ ಹೋಯಿತು. ಫ್ಯಾಕ್ಟರಿಗೆ ಹೊಸ ಪೈಪ್ ಬಂತು. ಮಂಜಾದ ಎಡಗಣ್ಣಿನೊಂದಿಗೆ ಅವನು ಉರ್ವ ಮಾರ್ಕೆಟಿನ ಬಳಿ ಸೀಮೆಎಣ್ಣೆ ಸ್ಟವ್ ರಿಪೇರಿಗೆ ಕುಳಿತ.

ಐಸಮ್ಮ ಉಳ್ಳಾಲದ ತವರಿಗೆ ಹೋಗಿದ್ದಳು. ಹೇಳಿಕೆ ಬದಲಿಸಿದ್ದನ್ನು ತಿಳಿಸಲು ವಿಲ್ಲಿ ಎರಡು ಸಲ ಅಲ್ಲಿಗೆ ಹೋದ. ಎರಡು ಸಲವೂ ಅವಳ ಅಣ್ಣ ಅಬ್ದುಲ್ ರಹ್ಮಾನ್ ಕುಡಿಯಲು ನೀರು ಕೊಟ್ಟು, "ಅವಳಿಗೆ ನಿಮ್ಮನ್ನು ಕಾಣುವುದು ಬೇಡವಂತೆ," ಎಂದು ಅಂಗಳದಿಂದಲೇ ಕಳುಹಿಸಿದ.