ಎರಡೂ ಛಲೋ ಅದಾವ

ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲು ಗುಂಯ್ ಎಂದಿತು. ಕಣ್ಣು ಪರೀಕ್ಷೆ ಮಾಡುವವರಿಗಾಗಿಯೇ ಇರುವ ಒಂದು ವೆಬ್‌ಸೈಟಿನವರು ಆನ್‌ಲೈನ್ ಪಾಠವೊಂದಕ್ಕೆ ನನ್ನನ್ನು ಕರೆದಿದ್ದರು. ಯಾವ ಪಾಠವೆಂದು ಓದಲು ಮೊಬೈಲನ್ನು ತುಸು ದೂರ ಹಿಡಿದೆ. ಇನ್ನೂ ದೂರ ಹಿಡಿದೆ. ಕೈಯ ಉದ್ದ ಮುಗಿಯಿತು, ಅಕ್ಷರ ಮಾತ್ರ ಕೂಡಿ ಬರಲಿಲ್ಲ. ಇದೇ ತಕರಾರು ಹೇಳಿಕೊಂಡು ಬಂದವರಿಗೆಲ್ಲ ‘ವಯಸ್ಸಾತಲ್ರೀ, ಇನ್ನ ಚಾಳೀಸು ಬರೂದ’ ಎಂದು ನಗುತ್ತ ಕನ್ನಡಕ ಮಾರುವವನು ನಾನು. ಜಮಖಂಡಿಯ ಬಜಾರಿನಲ್ಲಿ ನನ್ನದೇ ಅಂಗಡಿಯ ಕನ್ನಡಿಗಳು ನಾಲ್ಕೂ ಕಡೆಯಿಂದ ನನ್ನನ್ನು ನೋಡುತ್ತಿದ್ದವು.

ಕೊನೆಗೆ ಪಕ್ಕದಲ್ಲಿ ಕೂತಿದ್ದ ಹೆಂಡತಿ ರೇಣುಕಾ ಮೊಬೈಲು ಕಸಿದುಕೊಂಡು ಓದಿದಳು. “ಪೇಷಂಟ್ ಜೋಡಿ ಹ್ಯಾಂಗ ಮಾತಾಡಬೇಕು ಅನ್ನೂ ಪಾಠ ಐತ್ರಿ,” ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ನಗು ನಿಮಗೂ ತಿಳಿಯಬೇಕಾದರೆ ನನ್ನ ಅತ್ತೆಯ ಕಥೆ ಹೇಳಬೇಕು.

ಆಗ ನಾನು ಒಬ್ಬ ಕಣ್ಣಿನ ಡಾಕ್ಟರರ ದವಾಖಾನೆಯಲ್ಲಿ ಸಹಾಯಕ. ಹೊಸದಾಗಿ ಮದುವೆಯಾಗಿತ್ತು. ಡಾಕ್ಟರರು ರೋಗ ನೋಡುತ್ತಿದ್ದರು, ಕನ್ನಡಕದ ನಂಬರು ತೆಗೆಯುವ ಕೆಲಸವನ್ನು ನನಗೆ ಬಿಟ್ಟಿದ್ದರು. ಗುಂಡಿ ಒತ್ತಿದರೆ ನಂಬರು ಹೇಳುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಒಂದು ಪೆಟ್ಟಿಗೆ ತುಂಬ ಗಾಜುಗಳು, ಅವನ್ನು ಸಿಕ್ಕಿಸಲು ಒಂದು ಕಬ್ಬಿಣದ ಚೌಕಟ್ಟು, ಗೋಡೆಯ ಮೇಲೊಂದು ಅಕ್ಷರದ ಹಲಗೆ, ಇಷ್ಟೇ ನನ್ನ ಸಂಸಾರ. “ಈಗ ಎಲ್ಲಾ ಇಂಟರ್ನೆಟ್‌ನ್ಯಾಗ ಸಿಗತೈತಿ. ಕೂತು ಕಲಿ,” ಎಂದು ಡಾಕ್ಟರರು ಆ ವೆಬ್‌ಸೈಟಿನ ಹೆಸರು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಬಸ್‌ಸ್ಟ್ಯಾಂಡಿನ ಹಿಂದಿನ ಇಂಟರ್ನೆಟ್ ಅಂಗಡಿ ನನ್ನ ಕಾಲೇಜಾಯಿತು. ಅಲ್ಲಿ ಪಾಠದ ವಿಡಿಯೋಗಳಿದ್ದವು. ಎಲ್ಲೋ ದೂರದ ದೇಶದ ಮೇಡಮ್ಮೊಬ್ಬರು ಬಲು ಸಮಾಧಾನದಿಂದ ಕಲಿಸುತ್ತಿದ್ದರು. ಅವರು ಮುಖ್ಯವಾದದ್ದನ್ನು ತೋರಿಸಲು ಕೈ ಎತ್ತಿದರೆ ಸಾಕು, ಪರದೆಯ ಮೇಲೆ ದುಂಡನೆಯ ಚಕ್ರ ತಿರುಗತೊಡಗುತ್ತಿತ್ತು. ಅವರ ಕೈ ಹಾಗೇ ಆಶೀರ್ವಾದ ಮಾಡುವಂತೆ ನಿಂತಿರುತ್ತಿತ್ತು, ನಾನು ಚಹಾ ಕುಡಿದು ಬಂದರೂ ಇಳಿದಿರುತ್ತಿರಲಿಲ್ಲ.

ಇನ್ನೊಂದು ಪುಟದಲ್ಲಿ ಒಂದು ಸುಳ್ಳು ಕಣ್ಣಿತ್ತು. ಮೌಸು ಆಡಿಸಿದರೆ ಆ ಕಣ್ಣಿನೊಳಗೆ ಬೆಳಕಿನ ಗೆರೆ ಓಡಾಡುತ್ತಿತ್ತು. ಗೆರೆ ಓಡುವ ರೀತಿ ನೋಡಿ ಒಂದೊಂದೇ ಗಾಜು ಏರಿಸುತ್ತ ಹೋಗಬೇಕು. ಸರಿಯಾದ ಗಾಜು ಬಂದಾಗ ಗೆರೆಯ ಓಟ ನಿಂತು ಕಣ್ಣಿನ ಪಾಪೆಯ ತುಂಬ ಬೆಳಕು ತುಂಬಿಕೊಳ್ಳುತ್ತದೆ. ರೋಗಿ ಬಾಯಿ ಬಿಡದೆಯೇ ನಂಬರು ತಿಳಿಯುವ ವಿದ್ಯೆ ಇದು. ದವಾಖಾನೆಯಲ್ಲಿ ಇದಕ್ಕೆ ಬೇಕಾದ ರೆಟಿನೋಸ್ಕೋಪ್ ಎಂಬ ಕೈಬ್ಯಾಟರಿಯಂಥ ಉಪಕರಣ ಇತ್ತು. ಮಾತು ಬಾರದ ಮಕ್ಕಳಿಗೆಂದು ಅದನ್ನು ತೆಗೆದಿಟ್ಟಿದ್ದೆವು. ನಾನು ಮೈಮರೆತು ಮೌಸು ಆಡಿಸುತ್ತಿದ್ದರೆ ಅಂಗಡಿಯ ಮಾಲೀಕ ಬೆನ್ನ ಹಿಂದೆ ಬಂದು ನಿಂತು, “ಸರ, ಗೇಮ್ ಆಡವ್ರು ಆ ಕಡಿ ಮೂಲಿಗೆ ಕುಂದರಬೇಕ್ರಿ,” ಎನ್ನುತ್ತಿದ್ದ.

ಮಕ್ಕಳ ವಿದ್ಯೆ ದೊಡ್ಡವರಿಗೆ ಯಾಕೆ ಎಂದುಕೊಂಡು ನಾನು ದೊಡ್ಡವರಿಗೆಲ್ಲ ಮೇಡಮ್ಮನ ಇನ್ನೊಂದು ದಾರಿ ಹಿಡಿದಿದ್ದೆ. ಒಂದು ಗಾಜು ಹಾಕಬೇಕು, ತೆಗೆದು ಇನ್ನೊಂದು ಹಾಕಬೇಕು, “ಮೊದಲಿಂದು ಛಲೋ ಕಾಣತೈತೋ, ಇದೋ?” ಎಂದು ಕೇಳಬೇಕು. ಮೇಡಮ್ಮನ ದೇಶದವರು ಮೊದಲನೆಯದು, ಎರಡನೆಯದು ಎಂದು ಪಟಪಟ ಹೇಳುತ್ತಿದ್ದರು. ನಮ್ಮವರು ಹೇಳುವುದಿಲ್ಲ. ಮಾತು ಒರಟು ಎಂದು ನಮ್ಮ ಸೀಮೆಗೆ ಹೆಸರಿದೆಯಲ್ಲ, ಅದನ್ನು ಪೂರ್ತಿ ನಂಬಬೇಡಿ. ಎದುರಿಗೊಬ್ಬ ಬೆವರು ಸುರಿಸಿ ತಮಗಾಗಿ ಏನೋ ಮಾಡುತ್ತಿರುವಾಗ ಅವನ ಮುಖಕ್ಕೇ ಇದು ಚೆಂದಿಲ್ಲ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಬಾಡಗಂಡಿಯ ಕಬ್ಬಿನ ರೈತರಿರಲಿ, ಬನಹಟ್ಟಿಯ ನೇಕಾರರಿರಲಿ, ಕಣ್ಣು ಕಿರಿದು ಮಾಡಿ ಕೊಂಚ ಹೊತ್ತು ನೋಡಿ, “ಎರಡೂ ಛಲೋ ಅದಾವ್ರಿ,” ಎನ್ನುತ್ತಿದ್ದರು. ಆದರೂ ಹೊರಗಿನವರನ್ನು ಎರಡು ಸಲ ಗದರಿ ಕೇಳಿದರೆ ದಾರಿಗೆ ಬರುತ್ತಿದ್ದರು.

ಅತ್ತೆಯನ್ನು ಗದರುವುದು ಹೇಗೆ?

ಅತ್ತೆ ಲಗಮವ್ವ ಚಿಕ್ಕಪಡಸಲಗಿ ಕಡೆಯ ಹೊಳೆದಂಡೆಯ ಹಳ್ಳಿಯವರು. ಬೀರಪ್ಪ ದೇವರ ಒಕ್ಕಲು; ಕುರಿ, ಹೊಲ ಎರಡೂ ಇದ್ದ ಮನೆ. ಅವರ ಕೌದಿ ಎಂದರೆ ಸುತ್ತಿನಲ್ಲಿ ಹೆಸರುವಾಸಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಸಾಲು ಸಾಲಾಗಿ ಹೊಲಿಗೆ ಹಾಕಿದರೆ ಆ ಸಾಲುಗಳು ಬಿತ್ತಿದ ಹೊಲದ ಹಾಗೆ ನೆಟ್ಟಗಿರುತ್ತಿದ್ದವು. ಅಳಿಯನ ಎದುರಿಗೆ ಮಾತ್ರ ಅವರು ತಲೆಯ ಮೇಲಿನ ಸೆರಗು ಹುಬ್ಬಿನ ತನಕ ಎಳೆದುಕೊಳ್ಳುವವರು, ಮುಖ ಎತ್ತಿ ನೋಡದವರು. ನನಗೆ ಹೇಳಬೇಕಾದ್ದನ್ನೂ ಮಗಳಿಗೆ ಹೇಳುವರು. ನಾನು ಅಲ್ಲೇ ಕೂತು ಕೇಳಿಸಿಕೊಂಡು, ಮಗಳು ಮತ್ತೊಮ್ಮೆ ಹೇಳಲಿ ಎಂದು ಕಾಯಬೇಕು.

ರೇಣುಕಾ ಚೊಚ್ಚಲ ಬಸುರಿಯಾದಾಗ ಅತ್ತೆ ಕೂಸಿನ ಕೌದಿಗೆ ಕೈ ಹಾಕಿದರು. ಸೂಜಿಗೆ ದಾರ ಪೋಣಿಸಲು ಓಣಿಯ ಹುಡುಗಿಯರನ್ನು ಕರೆಯುತ್ತಿದ್ದಾರೆಂದು ತಿಳಿದು ರೇಣುಕಾ ಅವರನ್ನು ದವಾಖಾನೆಗೆ ಕರೆತಂದಳು. ಡಾಕ್ಟರರು ಪರೀಕ್ಷಿಸಿ, ಪೊರೆ ಬಂದಿಲ್ಲ, ನಂಬರು ಮಾತ್ರ ಎಂದು ನನಗೆ ಒಪ್ಪಿಸಿದರು. ಮೂಗಿನ ಮೇಲೆ ಚೌಕಟ್ಟು ಇಟ್ಟ ಕೂಡಲೇ ಅದರ ಮೇಲೂ ಸೆರಗು ಬಿತ್ತು. ಸೆರಗು ಸರಿಸಿ ಒಂದು ಗಾಜು ಹಾಕಿದೆ, ಇನ್ನೊಂದು ಹಾಕಿದೆ.

“ಅಳ್ಯಾರಿಗೆ ಹೇಳವಾ, ಎರಡೂ ಛಲೋ ಅದಾವ ಅಂತ,” ಎಂದರು ಮಗಳಿಗೆ.

ಬೇಕೆಂದೇ ಏನೂ ನಂಬರಿಲ್ಲದ ಬರಿಗಾಜು ಹಾಕಿದೆ.

“ಅದಂತೂ ಇನ್ನೂ ಛಲೋ ಐತಿ ಅನ್ನು.”

ಕೊನೆಗೆ ವಯಸ್ಸಿನ ಅಂದಾಜಿನ ಮೇಲೆ ಒಂದು ಕನ್ನಡಕ ಮಾಡಿಸಿಕೊಟ್ಟೆ. ಅತ್ತೆ ಅದನ್ನು ಊರೆಲ್ಲ ತೋರಿಸಿದರು. ರೇಣುಕಾ ಹೆರಿಗೆಗೆಂದು ತವರಿಗೆ ಹೋದ ಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ ಒಂದೇ ಉತ್ತರ: “ಭಾಳ ಛಲೋ ಕಾಣತೈತಿ ಅಂತಾಳ್ರಿ ಅವ್ವ.”

ಒಂದು ದಿನ ಮಾತ್ರ ರೇಣುಕಾಳ ದನಿ ಬೇರೆಯಾಗಿತ್ತು. “ಕೌದಿ ಒಳಗ ಸೂಜಿ ಸಿಕ್ಕೈತ್ರಿ,” ಎಂದಳು. ಅರ್ಧ ಹೊಲಿದ ಕೂಸಿನ ಕೌದಿಯ ಮೇಲೆ ಕೈಯಾಡಿಸುವಾಗ ಅಂಗೈಗೆ ಚುಚ್ಚಿತಂತೆ. ಸಾಲುಗಳೂ ಹಾವು ಹರಿದಂತಿದ್ದವಂತೆ. “ಕೂಸಿಗೆ ಚುಚ್ಚಿದ್ರ ಏನ್ ಗತಿ? ಇನ್ನ ಕೌದಿ ಹೊಲಿಬ್ಯಾಡ ಅಂದೇನಿ. ಅವ್ವ ಮುಂಜಾನಿಯಿಂದ ಉಂಡಿಲ್ಲ.” ಊರಿನ ಅರ್ಧದಷ್ಟು ತೊಟ್ಟಿಲುಗಳಿಗೆ ಕೌದಿ ಹೊಲಿದವರಿಗೆ ತಮ್ಮ ಮೊದಲ ಮೊಮ್ಮಗುವಿಗೆ ಹೊಲಿಯಬೇಡ ಎಂದರೆ ಅನ್ನ ಹೇಗೆ ಇಳಿದೀತು? ನನಗೂ ಅಂದು ಊಟ ಸೇರಲಿಲ್ಲ.

ನೇರ ಇಂಟರ್ನೆಟ್ ಅಂಗಡಿಗೆ ಓಡಿದೆ. ಆ ವೆಬ್‌ಸೈಟಿನಲ್ಲಿ ಪ್ರಶ್ನೆ ಕೇಳುವ ಕಟ್ಟೆಯೊಂದಿತ್ತು. ನನ್ನ ಮುರುಕು ಇಂಗ್ಲಿಷಿನಲ್ಲಿ, ರೋಗಿಯು ಯಾವ ಗಾಜು ಹಾಕಿದರೂ ಚೆನ್ನಾಗಿದೆ ಎನ್ನುತ್ತಾರೆ, ರೋಗಿ ನನ್ನ ಹೆಂಡತಿಯ ತಾಯಿ, ದಯವಿಟ್ಟು ಬೇಗ ಉತ್ತರಿಸಿ, ಎಂದು ಬರೆದೆ. ಎರಡೂ ಒಂದೇ ಎಂದರೆ ಸರಿಯಾದ ನಂಬರು ಸಿಕ್ಕಿತೆಂದೇ ಅರ್ಥ, ಎಂದ ಒಬ್ಬ. ಆ ಲೆಕ್ಕದಲ್ಲಿ ನಮ್ಮ ಇಡೀ ತಾಲೂಕಿಗೆ ಸರಿಯಾದ ನಂಬರು ಹುಟ್ಟುವಾಗಲೇ ಸಿಕ್ಕಿರಬೇಕು. ರೋಗಿಗೆ ನಿಮ್ಮ ಮೇಲೆ ವಿಶ್ವಾಸ ಸಾಲದೇನೋ, ಎಂದು ಇನ್ನೊಬ್ಬ ಅನುಮಾನಿಸಿದ. ಮೂರನೆಯವಳು ಯಾವುದೋ ದ್ವೀಪದ ವಿದ್ಯಾರ್ಥಿನಿ. ಅವಳು ಬರೆದಿದ್ದು ಇಷ್ಟೇ: ನಮ್ಮ ಹಿರಿಯರೂ ಹೀಗೆಯೇ. ಅವರನ್ನು ಕೇಳಬೇಡ, ಅವರ ಕಣ್ಣನ್ನು ಕೇಳು.

ಮಕ್ಕಳ ವಿದ್ಯೆ ನೆನಪಾಯಿತು. ಡಾಕ್ಟರರನ್ನು ಕೇಳಿ ಗಾಜಿನ ಪೆಟ್ಟಿಗೆ, ರೆಟಿನೋಸ್ಕೋಪ್ ಎರಡನ್ನೂ ತೆಗೆದುಕೊಂಡು ಭಾನುವಾರದ ಬಸ್ಸು ಹತ್ತಿದೆ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತವನನ್ನು ನೋಡಿ, ಅದನ್ನು ಹಾರ್ಮೋನಿಯಂ ಎಂದುಕೊಂಡ ಕಂಡಕ್ಟರ್, “ಭಜನಿ ಎಲ್ಲೈತ್ರಿ?” ಎಂದು ಕೇಳಿದ.

ಈ ಪರೀಕ್ಷೆಗೆ ಕತ್ತಲೆ ಬೇಕು. ಅತ್ತೆಯ ಮನೆಯಲ್ಲಿ ಜೋಳದ ಚೀಲ ಒಟ್ಟುವ ಕೋಣೆಗೆ ಕಿಟಕಿಯೇ ಇರಲಿಲ್ಲ. ಚೀಲದ ಮೇಲೆ ಅತ್ತೆ, ಅವರೆದುರು ನಾನು, ಬಾಗಿಲ ಬದಿಗೆ ತುಂಬು ಬಸುರಿ ರೇಣುಕಾ. ರೋಗಿ ದೂರ ನೋಡುತ್ತಿರಬೇಕು, ಪರೀಕ್ಷಿಸುವವನ ಮುಖವನ್ನಾಗಲಿ ಬೆಳಕನ್ನಾಗಲಿ ನೋಡಬಾರದು, ಇದೇ ಎಲ್ಲಕ್ಕಿಂತ ಕಷ್ಟದ ಭಾಗ ಎಂದು ಮೇಡಮ್ಮ ಪಾಠದಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದರು. ನನ್ನ ಅತ್ತೆಯನ್ನು ಅವರು ನೋಡಬೇಕಿತ್ತು.

“ಯವ್ವಾ, ಪಡಸಾಲ್ಯಾಗಿನ ಬೀರಪ್ಪನ ಫೋಟೋ ನೋಡ,” ಎಂದಳು ರೇಣುಕಾ.

ಅಷ್ಟೇ, ಅತ್ತೆಯ ದೃಷ್ಟಿ ಬೀರಪ್ಪನ ಮೇಲೆ ನೆಟ್ಟದ್ದು ಅಲುಗಲಿಲ್ಲ. ನಾನು ಬೆಳಕು ಆಡಿಸಿದೆ. ಕಣ್ಣಿನೊಳಗಿನ ಗೆರೆ ನನ್ನ ಕೈ ಹೋದ ಕಡೆಗೇ ಓಡಿತು. ಗಾಜು ಏರಿಸಿದೆ, ಮತ್ತೂ ಓಡಿತು. ನಾನು ಕೊಟ್ಟ ಕನ್ನಡಕ ಅವರ ಕಣ್ಣಿಗೆ ಎಲ್ಲಿಯೂ ಸಾಲುತ್ತಿರಲಿಲ್ಲ. ಇಷ್ಟು ದಿನ ಅವರು ಮಂಜಿನಲ್ಲಿ ಕೂತು ಛಲೋ ಛಲೋ ಎನ್ನುತ್ತಿದ್ದರು. ಒಂದು ಗಾಜಿಗೆ ಆ ಓಟ ನಿಂತು ಕಣ್ಣಿನ ತುಂಬ ಬೆಳಕು ನಿಂತಾಗ ನನ್ನ ಕಣ್ಣಿಗೆ ನೀರು ಬಂತು. ಕತ್ತಲೆ ಇದ್ದದ್ದು ಒಳ್ಳೆಯದಾಯಿತು.

“ಅಳ್ಯಾರು ಏನೂ ಕೇಳವಲ್ರಲ್ಲವಾ,” ಎಂದು ಅತ್ತೆ ಗಾಬರಿಯಾದರು.

ಮುಂದಿನ ಭಾನುವಾರ ಹೊಸ ಕನ್ನಡಕ ಒಯ್ದೆ. ಅತ್ತೆ ಹಾಕಿಕೊಂಡು ಮೊದಲು ತಮ್ಮ ಅಂಗೈ ನೋಡಿಕೊಂಡರು. ಸೂಜಿ ತೆಗೆದುಕೊಂಡು ದಾರದ ತುದಿ ನಾಲಿಗೆಗೆ ತಾಗಿಸಿ ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು. ಆಮೇಲೆ ಕೌದಿ ಹಿಡಿದು ತಮ್ಮ ಅಂಕುಡೊಂಕು ಸಾಲುಗಳನ್ನು ನೋಡಿ ನಾಚಿ, ಆ ನಾಚಿಕೆಯ ಭರದಲ್ಲಿ ಸೆರಗು ಮರೆತು ಕತ್ತೆತ್ತಿದರು. ಎದುರಿಗೆ ನಾನಿದ್ದೆ. ಬಹಳ ಹೊತ್ತು ನೋಡಿದರು.

“ಅಳ್ಯಾರ ಮೂಗು ಒಂಚೂರು ಸೊಟ್ಟ ಐತಲ್ಲವಾ ರೇಣುಕಾ,” ಎಂದರು. “ಮೊದಲ ಹೇಳಬಾರದೇನು?”

ಆ ಮನೆಯಲ್ಲಿ ನಾನು ಕೇಳಿದ ಮೊದಲ ತಕರಾರು ಅದು. ಅಷ್ಟು ಸಂತೋಷ ನನಗೆ ಯಾವ ಸರ್ಟಿಫಿಕೇಟಿನಿಂದಲೂ ಆಗಿಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಕೌದಿಯ ಮೂಲೆಮೂಲೆಗೂ ಓಡಾಡಿಸಿ ಸೂಜಿ ಇಲ್ಲವೆಂದು ನೋಡಿದ ಮೇಲೆ ರೇಣುಕಾ ಅದನ್ನು ತಾಯಿಗೆ ಮರಳಿ ಕೊಟ್ಟಳು. ಅತ್ತೆ ಸೊಟ್ಟ ಸಾಲು ಬಿಚ್ಚಲಿಲ್ಲ. ನಮ್ಮ ಮಗಳ ಕೌದಿ ಇಂದಿಗೂ ಅರ್ಧ ಡೊಂಕು, ಅರ್ಧ ನೆಟ್ಟಗೆ.

ನಿನ್ನೆಯ ಮಾತಿಗೆ ಬರುತ್ತೇನೆ. ನಕ್ಕು ಮುಗಿದ ಮೇಲೆ ರೇಣುಕಾ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು. ಇಷ್ಟು ವರ್ಷ ಅಂಗಡಿಯಲ್ಲಿದ್ದು, ಅದೇ ವಿಡಿಯೋಗಳನ್ನು ಚಕ್ರ ತಿರುಗದ ಈ ಕಾಲದಲ್ಲಿ ನೋಡಿ ಅವಳೂ ಎಲ್ಲ ಕಲಿತಿದ್ದಾಳೆ. ಹಣೆಯ ಮೇಲಿನ ಕೂದಲು ಹಿಂದೆ ಸರಿಸಿಕೊಂಡು, ತುಟಿ ಬಿಗಿಹಿಡಿದು, ಗಾಜು ಒರೆಸಿ ಒರೆಸಿ ಹಾಕತೊಡಗಿದಳು.

“ಇದು ಛಲೋ ಐತೋ, ಇದೋ?”

ಮೊದಲನೆಯದರಲ್ಲಿ ಅಕ್ಷರಗಳು ಮಸುಕಾಗಿದ್ದವು. ಎರಡನೆಯದರಲ್ಲಿಯೂ ಅಷ್ಟೇ. ಆದರೆ ಅವಳು ಅಷ್ಟು ಆಸೆಯಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅತ್ತೆಯದು ನಾಚಿಕೆಯೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಪ್ರೀತಿಯಾಗಿತ್ತು.

“ಎರಡೂ ಛಲೋ ಅದಾವ,” ಎಂದೆ.

ರೇಣುಕಾ ಗಾಜು ಕೆಳಗಿಟ್ಟಳು. ಎದ್ದು ಹೋಗಿ ಅಂಗಡಿಯ ಷಟರು ಅರ್ಧ ಎಳೆದು ಕತ್ತಲೆ ಮಾಡಿದಳು, ಡ್ರಾವರಿನಿಂದ ರೆಟಿನೋಸ್ಕೋಪ್ ತೆಗೆದಳು.

“ಬಾಯಿ ಮುಚ್ಚಿಕೊಂಡು ದೂರ ನೋಡ್ರಿ,” ಎಂದಳು.